ಸಂಗಾತಿ ಸೇನೆಯಲ್ಲಿರುವಾಗ ಶನಿವಾರದ ಸಂಜೆ: ನೀವು ಅದನ್ನು ನೆಮ್ಮದಿಯಿಂದ ಹೇಗೆ ಕಳೆಯುತ್ತೀರಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಪತಿ ಭೂಸೇನೆಯಲ್ಲಿದ್ದಾರೆ. ನಮ್ಮ ಮದುವೆಯಾಗಿ ಎರಡು ವರ್ಷವಾಗಿದೆ. ಕುಟುಂಬವನ್ನು ಜೊತೆಗೆ ಕರೆದೊಯ್ಯಲು ಅವಕಾಶವಿಲ್ಲದ ಪೋಸ್ಟಿಂಗ್‌ಗೆ ಅವರು ಹೊರಟು ಇದೀಗ ಐದು ತಿಂಗಳು ತುಂಬಿದೆ. ಸೋಮವಾರದಿಂದ ಶುಕ್ರವಾರದವರೆಗೆ ನನಗೂ ಉದ್ಯೋಗವಿದೆ, ಓಡಾಟವಿದೆ. ದಿನ ಮುಗಿದದ್ದು ಗೊತ್ತಾಗುವುದು ಹಾಸಿಗೆಗೆ ಬಿದ್ದ ಮೇಲೆಯೇ. ನನಗೆ ನಿಭಾಯಿಸಲು ಬಾರದಿರುವುದು ಶನಿವಾರದ ಸಂಜೆ ಮಾತ್ರ. ಬೇರೆಯವರಿಗೆ ವಾರವಿಡೀ ಕಾದು ಸಿಗುವ ಹೊತ್ತು ಅದು. ನನಗೆ ಅದು ಬರುತ್ತಿದೆ ಎಂದರೆ ಶುಕ್ರವಾರವೇ ಎದೆ ಭಾರವಾಗತೊಡಗುತ್ತದೆ.

ಹೋದ ವಾರ ಏನಾಯಿತೆಂದು ಹೇಳುತ್ತೇನೆ. ಈ ಸಂಜೆಯನ್ನಾದರೂ ಚೆನ್ನಾಗಿ ಕಳೆಯಬೇಕೆಂದು ಬೆಳಿಗ್ಗೆಯೇ ನಿಶ್ಚಯಿಸಿ, ಮನೆಯ ಕೆಲಸವನ್ನೆಲ್ಲ ಮುಗಿಸಿ, ಓದಬೇಕೆಂದಿದ್ದ ಪುಸ್ತಕವನ್ನು ದಿಂಬಿನ ಪಕ್ಕ ಇಟ್ಟು, ನಿಧಾನವಾಗಿ ತಲೆಗೆ ಸ್ನಾನ ಮಾಡೋಣವೆಂದು ಹೋದೆ. ಫೋನನ್ನು ಹೊರಗೆ ಬಿಟ್ಟುಹೋಗುವ ಧೈರ್ಯವಾಗದೆ ಟವೆಲ್ಲಿನಲ್ಲಿ ಸುತ್ತಿ ಸ್ನಾನದ ಮನೆಯ ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡಿದ್ದೆ. ಕೂದಲಲ್ಲಿ ಇನ್ನೂ ನೊರೆ ಇರುವಾಗಲೇ ಅದು ರಿಂಗಾಯಿತು. ಒದ್ದೆ ಕೈಯಲ್ಲಿ ಟವೆಲ್ಲು ಬಿಡಿಸುವಷ್ಟರಲ್ಲಿ ಕಣ್ಣಿಗೆ ನೊರೆ ಇಳಿದಿತ್ತು. ಕರೆ ಮಾಡಿದವರು ಸಾಲ ಬೇಕೇ ಎಂದು ಕೇಳುವ ಯಾರೋ. ಆಮೇಲೆ ಪುಸ್ತಕ ತೆರೆಯಲಿಲ್ಲ. ರಾತ್ರಿ ಹನ್ನೊಂದರವರೆಗೆ ಫೋನಿನ ಪರದೆಯನ್ನೇ ನೋಡುತ್ತ ಕುಳಿತೆ. ಅವರ ಕರೆ ಬರಲಿಲ್ಲ. ಬರುತ್ತದೆಂದು ಅವರು ಹೇಳಿಯೂ ಇರಲಿಲ್ಲ.

ಇನ್ನೊಂದು ವಿಷಯವನ್ನು ಮನೆಯವರ ಮುಂದೆ ಹೇಳಲು ಸಂಕೋಚವಾಗಿ ಇಲ್ಲಿ ಬರೆಯುತ್ತಿದ್ದೇನೆ. ಅವರು ಚಳಿಯಲ್ಲಿ, ಬೂಟು ಬಿಚ್ಚದೆ ಕಾವಲು ನಿಂತಿರುವ ಹೊತ್ತಿಗೆ ನಾನು ಕಾಲು ಚಾಚಿ ಕುಳಿತು ಸಿನಿಮಾ ನೋಡಿ ನಗುವುದು ಸರಿಯೇ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ನಕ್ಕ ಮರುಕ್ಷಣವೇ ತಪ್ಪು ಮಾಡಿದಂತೆ ಅನ್ನಿಸುತ್ತದೆ.

ಯಾವುದಾದರೂ ಹವ್ಯಾಸ ಬೆಳೆಸಿಕೊಳ್ಳಿ ಎಂಬ ಸಲಹೆಯನ್ನು ಬಹಳ ಜನರಿಂದ ಕೇಳಿದ್ದೇನೆ. ಹವ್ಯಾಸಗಳು ನನಗೆ ಇವೆ. ಅವುಗಳಲ್ಲಿ ಮನಸ್ಸು ನಿಲ್ಲುವುದಿಲ್ಲ ಎಂಬುದೇ ತೊಂದರೆ. ಇದೇ ದಾರಿಯಲ್ಲಿ ನಡೆದು ಬಂದಿರುವ ನೀವು ನಿಮ್ಮ ಶನಿವಾರದ ಸಂಜೆಯನ್ನು ನಿಜವಾಗಿ ಹೇಗೆ ಕಳೆಯುತ್ತೀರಿ, ಆ ಹೊತ್ತಿನಲ್ಲಿ ಫೋನನ್ನು ಎಲ್ಲಿಡುತ್ತೀರಿ, ಈ ಅಪರಾಧಿ ಭಾವವನ್ನು ಏನು ಮಾಡಿದಿರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಭೂಸೇನಾ ಯೋಧರ ಪತ್ನಿ, 21 ವರ್ಷಗಳ ಸಂಸಾರ

ತಂಗಿ, ನೀವು ಫೋನನ್ನು ಟವೆಲ್ಲಿನಲ್ಲಿ ಸುತ್ತಿದ್ದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮೊದಲ ನಾಲ್ಕು ವರ್ಷ ನಾನೂ ಹೀಗೆಯೇ ಇದ್ದೆ. ಆಗ ಮನೆಯಲ್ಲಿ ತಂತಿಯ ಫೋನು ಇತ್ತು. ಅದರ ಸದ್ದು ಕೇಳದೆ ಹೋದೀತೆಂದು ಮಿಕ್ಸಿ ಹಾಕಲು ಹೆದರುತ್ತಿದ್ದೆ, ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದೆ. ಆದ್ದರಿಂದ ಹವ್ಯಾಸದ ಮಾತನ್ನು ಬದಿಗಿಟ್ಟು ಫೋನಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಸಂಜೆಯನ್ನು ತಿನ್ನುತ್ತಿರುವುದು ಒಂಟಿತನಕ್ಕಿಂತ ಹೆಚ್ಚಾಗಿ ಕಾಯುವಿಕೆ ಎಂದು ನನಗೆ ತೋರುತ್ತದೆ.

ಮೊದಲನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಅಂಚೆ ವ್ಯವಸ್ಥೆ ರಣರಂಗಕ್ಕೆ ವಾರಕ್ಕೆ 1 ಕೋಟಿ 20 ಲಕ್ಷದಷ್ಟು ಪತ್ರಗಳನ್ನು ಸಾಗಿಸುತ್ತಿತ್ತು. ಆ ಕಾಲದ ಹೆಂಗಸರು ನಮಗಿಂತ ಎಷ್ಟೋ ಹೆಚ್ಚು ಕಷ್ಟ ಕಂಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಕಾಯುವಿಕೆಗೆ ಒಂದು ಹೊತ್ತು ಎಂಬುದಿತ್ತು: ಅಂಚೆಯವನು ಬೀದಿ ದಾಟಿ ಹೋದ ಮೇಲೆ ಆ ದಿನದ ಮಟ್ಟಿಗೆ ಕಾಯುವುದು ಮುಗಿಯುತ್ತಿತ್ತು, ಮರುದಿನದವರೆಗೆ ಬಾಗಿಲಿನತ್ತ ನೋಡುವ ಅಗತ್ಯವಿರಲಿಲ್ಲ. ಮುಂದೆ ವಿಯೆಟ್ನಾಂ ಯುದ್ಧದ ಹೊತ್ತಿಗೆ ಹವ್ಯಾಸಿ ರೇಡಿಯೊ ನಿರ್ವಾಹಕರು ಅಮೆರಿಕದ ಸೈನಿಕರ ಧ್ವನಿಯನ್ನು ರೇಡಿಯೊದ ಮೂಲಕ ತರಿಸಿ ಅವರ ಮನೆಯ ಫೋನಿಗೆ ಜೋಡಿಸಿಕೊಡುತ್ತಿದ್ದರು. ಒಬ್ಬರ ಮಾತು ಮುಗಿದಾಗಲೆಲ್ಲ ‘ಓವರ್’ ಎನ್ನಬೇಕಿತ್ತು, ಆಗಲೇ ಇನ್ನೊಬ್ಬರಿಗೆ ಮಾತಾಡಲು ಸಾಧ್ಯವಾಗುತ್ತಿತ್ತು, ಮತ್ತು ಗಂಡ ಹೆಂಡತಿಯ ಮಾತೆಲ್ಲ ನಡುವಿದ್ದ ನಿರ್ವಾಹಕನ ಕಿವಿಗೆ ಬೀಳುತ್ತಿತ್ತು. ‘ನಿನ್ನ ನೆನಪಾಗುತ್ತಿದೆ, ಓವರ್’ ಎಂದು ಹೇಳಬೇಕಾಗಿದ್ದವರನ್ನು ನಾನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ಈಗ ನಮ್ಮ ಕೈಯಲ್ಲಿರುವ ಫೋನು ಯಾವ ಗಳಿಗೆಯಲ್ಲಾದರೂ ರಿಂಗಾಗಬಹುದು. ಹಾಗಾಗಿ ನಮ್ಮ ಕಾಯುವಿಕೆಗೆ ಬಾಗಿಲು ಹಾಕುವ ಹೊತ್ತೇ ಇಲ್ಲ. ಆ ಬಾಗಿಲನ್ನು ನಾವೇ ಹಾಕಬೇಕು.

ನಾವಿಬ್ಬರೂ ಕುಳಿತು ಮಾತಾಡಿ ಮಾಡಿಕೊಂಡ ಏರ್ಪಾಡು ಇಷ್ಟು. ಶನಿವಾರ ಸಂಜೆ ಆರರಿಂದ ಮಲಗುವವರೆಗೆ ಅವರು ಕರೆ ಮಾಡುವುದಿಲ್ಲ, ನಾನು ಕಾಯುವುದಿಲ್ಲ. ಅವರಿಗೆ ಅನುಕೂಲವಾದರೆ ಭಾನುವಾರ ಬೆಳಿಗ್ಗೆ ಕರೆ ಮಾಡುತ್ತಾರೆ, ಆಗದಿದ್ದರೆ ಇಲ್ಲ. ‘ಸಾಧ್ಯವಾದರೆ ಸಂಜೆ ಮಾಡುತ್ತೇನೆ’ ಎಂಬ ಮಾತನ್ನು ನಮ್ಮ ಮನೆಯಲ್ಲಿ ಆಡಬಾರದೆಂದು ಇಬ್ಬರೂ ಒಪ್ಪಿಕೊಂಡೆವು. ಆ ‘ಸಾಧ್ಯವಾದರೆ’ ಎಂಬ ಒಂದೇ ಪದ ಎಷ್ಟು ಸಂಜೆಗಳನ್ನು ನುಂಗಿದೆಯೆಂದು ಈಗ ಲೆಕ್ಕ ಹಾಕಲಾರೆ. ತುರ್ತು ಸುದ್ದಿಗಾಗಿ ಯೂನಿಟ್ಟಿನ ಕಚೇರಿಯಲ್ಲಿ ನನ್ನ ಸಂಖ್ಯೆಯ ಜೊತೆಗೆ ನನ್ನ ತಮ್ಮನ ಸಂಖ್ಯೆಯನ್ನೂ ಬರೆಸಿಟ್ಟಿದ್ದೇನೆ. ಫೋನನ್ನು ‘ಡು ನಾಟ್ ಡಿಸ್ಟರ್ಬ್’ ಸ್ಥಿತಿಯಲ್ಲಿಟ್ಟು, ಯೂನಿಟ್ಟಿನ ಸಂಖ್ಯೆ ಮತ್ತು ತಮ್ಮನ ಸಂಖ್ಯೆ ಇವೆರಡರಿಂದ ಬರುವ ಕರೆಗಳಿಗೆ ಮಾತ್ರ ಸದ್ದು ಮಾಡುವಂತೆ ವ್ಯವಸ್ಥೆ ಮಾಡಿದ್ದೇನೆ. ಆ ಎರಡಕ್ಕೂ ಬೇರೆ ಯಾವುದಕ್ಕೂ ಇಲ್ಲದ ಒಂದು ರಿಂಗ್‌ಟೋನ್ ಇದೆ. ಬೇರೆ ಕರೆಗಳು ಕೇಳಿಸುವುದೇ ಇಲ್ಲ. ನಿಜಕ್ಕೂ ಬೇಕಾದ ಕರೆ ಬಂದರೆ ಮನೆಯ ಯಾವ ಮೂಲೆಯಲ್ಲಿದ್ದರೂ ಗೊತ್ತಾಗುತ್ತದೆ ಎಂಬ ಖಾತರಿಯಾದ ಮೇಲೆ ಪರದೆಯನ್ನು ನೋಡುವ ಕೈಯ ಚಟ ತಾನಾಗಿಯೇ ಇಳಿಯಿತು. ಫೋನು ಎಲ್ಲಿರುತ್ತದೆ ಎಂದು ಕೇಳಿದ್ದೀರಿ: ಮುಂಬಾಗಿಲ ಪಕ್ಕದಲ್ಲಿ, ಚಪ್ಪಲಿ ಇಡುವ ಕಪಾಟಿನ ಮೇಲೆ.

ಇನ್ನು ಅಪರಾಧಿ ಭಾವದ ಮಾತು. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಪೌಲಿನ್ ಬಾಸ್ ಎಂಬ ಅಮೆರಿಕದ ವಿದ್ವಾಂಸೆ, ಒಬ್ಬ ವ್ಯಕ್ತಿ ಕಣ್ಣೆದುರು ಇಲ್ಲದಿದ್ದರೂ ಮನಸ್ಸಿನಲ್ಲಿ ಪೂರ್ತಿಯಾಗಿ ಇರುವ ಸ್ಥಿತಿಗೆ ‘ಅಸ್ಪಷ್ಟ ಅಗಲಿಕೆ’ ಎಂಬರ್ಥದ ಒಂದು ಹೆಸರನ್ನು ಕೊಟ್ಟರು. ನಮ್ಮ ಪಾಡು ಆ ಕುಟುಂಬಗಳಷ್ಟು ಘೋರವಾದುದಲ್ಲ; ನಮ್ಮವರು ಎಲ್ಲಿದ್ದಾರೆಂದು ಸೇನೆಗಾದರೂ ಗೊತ್ತಿದೆ. ಆದರೂ ಬಾಸ್ ಕೊಟ್ಟ ದಾರಿ ನನಗೆ ಉಪಯೋಗಕ್ಕೆ ಬಂದಿದೆ. ಇದು ಅಥವಾ ಅದು ಎಂದು ಆರಿಸಿಕೊಳ್ಳದೆ, ಒಂದಕ್ಕೊಂದು ವಿರುದ್ಧವಾಗಿ ಕಾಣುವ ಎರಡನ್ನೂ ಒಟ್ಟಿಗೆ ನಿಜವೆಂದು ಒಪ್ಪಿಕೊಳ್ಳುವುದೇ ಆ ದಾರಿ. ಅವರು ಅಲ್ಲಿ ಚಳಿಯಲ್ಲಿ ನಿಂತಿದ್ದಾರೆ, ನಾನು ಇಲ್ಲಿ ನಗುತ್ತಿದ್ದೇನೆ. ಎರಡೂ ನಿಜ, ಒಂದರಿಂದ ಇನ್ನೊಂದು ಸುಳ್ಳಾಗುವುದಿಲ್ಲ. ಈ ಮಾತನ್ನು ನನಗಿಂತ ಮೊದಲು ನನ್ನ ಪತಿಯೇ ಬೇರೆ ರೀತಿಯಲ್ಲಿ ಹೇಳಿದ್ದರು. ಒಮ್ಮೆ ನಾನು ನೆರೆಮನೆಯ ತಾರಸಿಯಲ್ಲಿ ಹರಟುತ್ತ ಕುಳಿತು ಅವರ ಕರೆ ತಪ್ಪಿಸಿಕೊಂಡೆ, ಮರುದಿನ ಅಳುತ್ತ ಕ್ಷಮೆ ಕೇಳಿದೆ. ‘ನೀನು ಫೋನು ಎತ್ತದೇ ಇದ್ದಾಗ, ಸದ್ಯ, ಎಲ್ಲೋ ನಗುತ್ತಿರಬೇಕು ಅಂದುಕೊಂಡು ನೆಮ್ಮದಿಯಿಂದ ಮಲಗಿದೆ’ ಎಂದರು. ನಾನು ಮನೆಯಲ್ಲಿ ಬಾಡಿ ಕುಳಿತರೆ ಅವರ ಕಾವಲಿನ ಹೊತ್ತು ಒಂದು ನಿಮಿಷವೂ ಕಡಿಮೆಯಾಗುವುದಿಲ್ಲ, ಅವರ ತಲೆಯ ಮೇಲೆ ನನ್ನ ಚಿಂತೆಯ ಭಾರವೂ ಸೇರುತ್ತದೆ ಎಂದು ಆಗ ತಿಳಿಯಿತು.

ನನ್ನ ಸಂಜೆಯನ್ನೂ ಹೇಳಿಬಿಡುತ್ತೇನೆ. ಅಡುಗೆಮನೆಯಲ್ಲಿ ಎರಡು ಗಡಿಯಾರಗಳಿವೆ, ಎರಡನೆಯದು ಅವರಿರುವ ಜಾಗದ ವೇಳೆಗೆ ಹೊಂದಿಸಿದ್ದು. ಶನಿವಾರ ಸಂಜೆ ಆ ಎರಡನೆಯದನ್ನು ಗೋಡೆಯಿಂದ ಇಳಿಸಿ ಬಟ್ಟೆಯ ಬೀರುವಿನಲ್ಲಿ ಇಡುತ್ತೇನೆ. ಅದು ಎದುರಿಗಿದ್ದರೆ ‘ಈಗ ಊಟದ ಹೊತ್ತು, ಈಗ ಪಾಳಿ ಬದಲಾಗುವ ಹೊತ್ತು’ ಎಂದು ಮನಸ್ಸು ಅಲ್ಲಿಯೇ ಸುತ್ತುತ್ತಿರುತ್ತದೆ. ಆಮೇಲೆ ಅವರ ಕುರ್ಚಿಯಲ್ಲಿ ಕುಳಿತು ಓದುತ್ತೇನೆ. ದೀಪದ ಬೆಳಕು ಅಲ್ಲಿಗೇ ಚೆನ್ನಾಗಿ ಬೀಳುತ್ತದೆ. ಮೊದಲೆಲ್ಲ ಆ ಕುರ್ಚಿಯನ್ನು ಖಾಲಿ ಬಿಡುತ್ತಿದ್ದೆ, ಅದರ ಮೇಲೆ ಧೂಳು ಕೂರುತ್ತಿತ್ತು. ಊಟಕ್ಕೆ ಒಂದು ತಟ್ಟೆಯಷ್ಟೇ ಆದರೂ ಮೇಜಿಗೆ ಬಡಿಸಿಕೊಂಡು ಊಟ ಮಾಡುತ್ತೇನೆ, ಒಲೆಯ ಪಕ್ಕ ನಿಂತು ಮುಗಿಸುವುದಿಲ್ಲ. ಹತ್ತು ಗಂಟೆಗೆ ನಿದ್ದೆ. ಇಷ್ಟೇ ನೋಡಿ. ಹೊರಗಿನಿಂದ ನೋಡಿದವರಿಗೆ ಇದರಲ್ಲಿ ಏನೂ ವಿಶೇಷ ಕಾಣುವುದಿಲ್ಲ, ನನಗೆ ಇಲ್ಲಿಗೆ ಬರಲು ನಾಲ್ಕು ವರ್ಷ ಹಿಡಿಯಿತು.

ಉತ್ತರ 2: ನೌಕಾಪಡೆಯ ಅಧಿಕಾರಿಯ ಪತಿ

ಸಹೋದರಿಯವರಿಗೆ ನಮಸ್ಕಾರ. ನನ್ನ ಪತ್ನಿ ಸಬ್‌ಮರೀನ್‌ನಲ್ಲಿ ಕೆಲಸ ಮಾಡುತ್ತಾರೆ. ನಮ್ಮ ಮನೆಯಲ್ಲಿ ಫೋನಿನ ಸಮಸ್ಯೆ ಇಲ್ಲ, ಏಕೆಂದರೆ ಕರೆ ಬರುವ ಸಾಧ್ಯತೆಯೇ ಇಲ್ಲ. ಸಮುದ್ರದ ಉಪ್ಪುನೀರನ್ನು ಸಾಮಾನ್ಯ ರೇಡಿಯೊ ತರಂಗಗಳು ಭೇದಿಸಲಾರವು. ಅತಿ ಕಡಿಮೆ ಕಂಪನಾಂಕದ ತರಂಗಗಳು ಮಾತ್ರ ನೀರಿನಲ್ಲಿ ಸ್ವಲ್ಪ ಆಳಕ್ಕೆ ಇಳಿಯುತ್ತವೆ, ಅವು ಹೊತ್ತೊಯ್ಯುವುದೂ ಬಹಳ ಕಡಿಮೆ ಮಾಹಿತಿಯನ್ನು. ತಾನಿರುವ ಜಾಗ ಬಯಲಾಗಬಾರದೆಂಬ ಕಾರಣಕ್ಕೆ ಗಸ್ತಿನಲ್ಲಿರುವ ಸಬ್‌ಮರೀನ್ ಮೇಲಿನಿಂದ ಬಂದ ಸಂದೇಶವನ್ನು ಪಡೆಯುತ್ತದೆಯೇ ಹೊರತು ಉತ್ತರ ಕಳುಹಿಸುವುದಿಲ್ಲ. ಹೀಗಾಗಿ ಕೆಲವು ನೌಕಾಪಡೆಗಳಲ್ಲಿ ಮನೆಯವರು ಬರೆಯುವ ಪುಟ್ಟ ಸಂದೇಶಗಳ ಪದ್ಧತಿ ಇದೆ. ಶೀತಲ ಸಮರದ ಕಾಲದ ಅಮೆರಿಕದ ಸಬ್‌ಮರೀನ್‌ಗಳಲ್ಲಿ ಒಂದು ಸಂದೇಶಕ್ಕೆ 40 ಪದಗಳ ಆಸುಪಾಸಿನ ಮಿತಿ ಇತ್ತು. ಬ್ರಿಟನ್ನಿನ ನೌಕಾಪಡೆಯಲ್ಲಿ ವಾರಕ್ಕೆ 120 ಪದಗಳ ಸಂದೇಶ ಕಳುಹಿಸಲು ಅವಕಾಶವಿದೆ. ಕಳುಹಿಸುವ ಮೊದಲು ಬೇರೆಯವರು ಅದನ್ನು ಓದುತ್ತಾರೆ, ಮನಸ್ಸು ಕೆಡಿಸುವ ಸುದ್ದಿಯನ್ನು ಬರೆಯುವಂತಿಲ್ಲ, ಮರುಮಾತು ಬರುವುದಿಲ್ಲ.

ನಮ್ಮ ಶನಿವಾರದ ಸಂಜೆ ಅಂಥ ಸಂದೇಶವೊಂದರ ಸುತ್ತಲೇ ಕಟ್ಟಿಕೊಂಡಿದೆ. ನನ್ನ ಮಗಳಿಗೆ ಏಳು ವರ್ಷ. ಊಟವಾದ ಮೇಲೆ ನಾವಿಬ್ಬರೂ ಚೌಕುಳಿ ಹಾಳೆಯ ಮುಂದೆ ಕೂರುತ್ತೇವೆ. ಒಂದು ಚೌಕಕ್ಕೆ ಒಂದು ಪದ, ಒಟ್ಟು ನಲವತ್ತು ಚೌಕ, ಅವಳಿಗೆ ಇಪ್ಪತ್ತು, ನನಗೆ ಇಪ್ಪತ್ತು. ಇದು ನಾವೇ ಹಾಕಿಕೊಂಡ ಮಿತಿ. ಅವಳು ತನ್ನ ಪಾಲಿನ ಹನ್ನೊಂದು ಪದಗಳನ್ನು ಬೆಕ್ಕು ಪರದೆ ಹರಿದ ಸುದ್ದಿಗೇ ಖರ್ಚು ಮಾಡಿ, ಹಲ್ಲು ಬಿದ್ದದ್ದನ್ನು ಹೇಳಲು ಪದ ಸಾಲದೆ ನನ್ನಿಂದ ಮೂರನ್ನು ಸಾಲ ಕೇಳುತ್ತಾಳೆ. ನಾನು ‘ಎಲ್ಲವೂ ಚೆನ್ನಾಗಿದೆ’ ಎಂದು ಬರೆದರೆ ‘ಅಪ್ಪ, ಅದು ಅಮ್ಮನಿಗೆ ಗೊತ್ತು, ಅಳಿಸು’ ಎನ್ನುತ್ತಾಳೆ. ಪೆನ್ಸಿಲಿನಿಂದ ಅಳಿಸಿ ಅಳಿಸಿ ಹಾಳೆ ತೆಳ್ಳಗಾಗಿರುತ್ತದೆ. ಅಂತಿಮವಾಗಿ ಉಳಿಯುವ ನಲವತ್ತು ಪದಗಳಲ್ಲಿ ಆ ವಾರದಲ್ಲಿ ನಿಜಕ್ಕೂ ಏನು ನಡೆಯಿತು ಎಂಬುದೇ ಇರುತ್ತದೆ. ಅದನ್ನು ನಕಲು ಮಾಡಿ ಒಂದು ಪೆಟ್ಟಿಗೆಯಲ್ಲಿ ಹಾಕುತ್ತೇವೆ. ಕಳುಹಿಸಲು ಸಾಧ್ಯವಾದದ್ದೂ ಅದರಲ್ಲಿದೆ, ಆಗದೆ ಉಳಿದದ್ದೂ ಇದೆ. ಹಾಳೆ ಪೆಟ್ಟಿಗೆಗೆ ಬಿದ್ದಿತೆಂದರೆ ನಮ್ಮ ಪಾಲಿನ ಮಾತು ಮುಗಿಯಿತು, ಉಳಿದ ಸಂಜೆ ಆಟಕ್ಕೆ. ಮೇಲಿನ ಉತ್ತರದಲ್ಲಿ ಅಕ್ಕನವರು ಹೇಳಿದ ಅಂಚೆಯವನ ಹಾಗೆಯೇ ಇದೂ.

ಮಕ್ಕಳಿರುವವರಿಗಾಗಿ ಇನ್ನೊಂದು ಸಂಗತಿ. ದೂರ ಹೋಗುವ ಸೈನಿಕರು ಮಕ್ಕಳ ಪುಸ್ತಕವನ್ನು ಗಟ್ಟಿಯಾಗಿ ಓದಿ ಅದರ ಚಿತ್ರೀಕರಣವನ್ನು ಮನೆಗೆ ಕಳುಹಿಸಲು ನೆರವಾಗುವ ‘ಯುನೈಟೆಡ್ ಥ್ರೂ ರೀಡಿಂಗ್’ ಎಂಬ ಸಂಸ್ಥೆ ಅಮೆರಿಕದಲ್ಲಿ 1989ರಲ್ಲಿ ಆರಂಭವಾಯಿತು. ಅದರ ಬಗ್ಗೆ ತಿಳಿದ ಮೇಲೆ ನನ್ನ ಪತ್ನಿಯೂ ಹೊರಡುವ ಮೊದಲು ಹನ್ನೆರಡು ಕಥೆಗಳನ್ನು ಓದಿ ಫೋನಿನಲ್ಲಿ ಮುದ್ರಿಸಿಟ್ಟರು. ಅವನ್ನು ದಿನವೂ ಹಾಕಬಾರದೆಂಬುದು ನನ್ನ ಅನುಭವ. ದಿನವೂ ಕೇಳಿದಾಗ ಮಗು ಕಥೆಯನ್ನು ಬಿಟ್ಟು ಅಮ್ಮನಿಗಾಗಿ ಅಳುತ್ತಿತ್ತು. ವಾರಕ್ಕೊಮ್ಮೆ, ಶನಿವಾರ ಮಲಗುವಾಗ ಮಾತ್ರ ಹಾಕಿದರೆ ಅದು ಹಬ್ಬದಂತಾಗುತ್ತದೆ. ಆರನೆಯ ಕಥೆಯ ನಡುವೆ ಪತ್ನಿ ಕೆಮ್ಮಿ, ‘ಕ್ಷಮಿಸು ಪುಟ್ಟಾ’ ಎಂದು ನೀರು ಕುಡಿಯುವ ಸದ್ದು ಇದೆ. ಮಗಳಿಗೆ ಆ ಭಾಗವೇ ಹೆಚ್ಚು ಇಷ್ಟ.

ಒಂದು ಎಚ್ಚರಿಕೆಯ ಮಾತನ್ನೂ ಸೇರಿಸುತ್ತೇನೆ. ಬಿಡುವಿನ ಸಂಜೆಯಲ್ಲಿಯೇ ನಾವು ಜಾಲತಾಣದಲ್ಲಿ ಹೆಚ್ಚು ಹೊತ್ತು ಇರುವುದು, ಫೋಟೊ ಹಾಕುವುದು. ಓಟ, ನಡಿಗೆಗಳನ್ನು ದಾಖಲಿಸುವ ಸ್ಟ್ರಾವಾ ಆ್ಯಪ್ ಪ್ರಕಟಿಸಿದ್ದ ಜಗತ್ತಿನ ನಕಾಶೆಯಲ್ಲಿ ಸೇನಾನೆಲೆಗಳ ಒಳಗಿನ ದಾರಿಗಳೂ ಬೆಳಗುತ್ತಿದ್ದವೆಂಬುದು 2018ರ ಜನವರಿಯಲ್ಲಿ ಬೆಳಕಿಗೆ ಬಂತು. ಯಾರೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ, ವ್ಯಾಯಾಮ ಮಾಡಿದವರ ಹೆಜ್ಜೆಗಳೇ ಅಲ್ಲಿ ಗೆರೆಗಳಾಗಿದ್ದವು. ‘ಇನ್ನು ಮೂರೇ ವಾರ, ಬಂದುಬಿಡುತ್ತಾರೆ’ ಎಂದು ಸಂಭ್ರಮದಿಂದ ಬರೆಯುವುದೂ ಒಂದು ಹಡಗಿನ ಅಥವಾ ತುಕಡಿಯ ಚಲನೆಯನ್ನು ಹೇಳಿಬಿಡುತ್ತದೆ. ಹೀಗಾಗಿ ಸಂಜೆಯ ಫೋಟೊಗಳನ್ನು ನಾನು ತೆಗೆಯುತ್ತೇನೆ, ಎಲ್ಲಿಯೂ ಹಾಕುವುದಿಲ್ಲ. ಪತ್ನಿ ಬಂದ ಮೇಲೆ ಒಟ್ಟಿಗೆ ಕುಳಿತು ನೋಡಲು ಇಡುತ್ತೇನೆ.

ಕೊನೆಯದಾಗಿ ಈ ವೇದಿಕೆಯ ನಿರ್ವಾಹಕರಲ್ಲಿ ಒಂದು ವಿನಂತಿ. ಸೇನಾ ಕುಟುಂಬದವರು ಸೇರುವ ಕೂಟಗಳೆಲ್ಲ ‘ಪತ್ನಿಯರ ಸಂಜೆ’ ಎಂಬ ಹೆಸರಿನಲ್ಲಿಯೇ ನಡೆಯುತ್ತವೆ. ಮಗುವಿನ ಕೈ ಹಿಡಿದು ಆ ಬಾಗಿಲಿನವರೆಗೆ ಹೋಗಿ ಎರಡು ಸಲ ಹಿಂತಿರುಗಿದ್ದೇನೆ. ಹೆಸರನ್ನು ಬದಲಿಸಿದರೆ ನನ್ನಂಥ ಕೆಲವರಾದರೂ ಒಳಗೆ ಬರುತ್ತಾರೆ.

ಉತ್ತರ 3: ಸೇನಾ ಕ್ವಾರ್ಟರ್ಸ್‌ನಲ್ಲಿ ಇರುವವರು

ಮೇಲಿನ ಇಬ್ಬರೂ ಮನೆಯೊಳಗಿನ ಸಂಜೆಯನ್ನು ಹೇಳಿದ್ದಾರೆ. ನನಗೆ ಜನ ಬೇಕು. ಆದರೆ ಎಂಥ ಜನ ಎಂಬುದನ್ನು ಯೋಚಿಸಿ ಆರಿಸಿಕೊಳ್ಳಬೇಕಾಗುತ್ತದೆ, ಏಕೆಂದರೆ ಕ್ವಾರ್ಟರ್ಸ್‌ನಲ್ಲಿ ಸಂಗಾತಿಯ ಹುದ್ದೆ ನಮ್ಮ ಕುರ್ಚಿಯವರೆಗೂ ಬಂದುಬಿಡುತ್ತದೆ. ಯಾರು ಮೊದಲು ಮಾತಾಡಬೇಕು, ಯಾರು ಎದ್ದು ನಿಲ್ಲಬೇಕು ಎಂದು ಲೆಕ್ಕ ಹಾಕುತ್ತ ಕುಳಿತರೆ ಅದು ವಿಶ್ರಾಂತಿಯಾಗುವುದಿಲ್ಲ, ಇನ್ನೊಂದು ಡ್ಯೂಟಿಯಾಗುತ್ತದೆ. ನಾವು ಐದು ಮನೆಯವರು ಶನಿವಾರ ಸಂಜೆ ಒಬ್ಬರ ಮನೆಯಲ್ಲಿ ಸೇರುತ್ತೇವೆ. ನೆಲದ ಮೇಲೆಯೇ ಕೂರುತ್ತೇವೆ. ಬಡ್ತಿ, ವರ್ಗಾವಣೆ, ‘ಅಲ್ಲಿ ಏನೋ ಆಯಿತಂತೆ’ ಎಂಬ ವದಂತಿ ಇವು ಮೂರನ್ನೂ ಮಾತಾಡುವುದಿಲ್ಲ. ಮೂರನೆಯದನ್ನು ಪಾಲಿಸುವುದೇ ಕಷ್ಟ, ಮತ್ತು ಅದೇ ಎಲ್ಲಕ್ಕಿಂತ ಮುಖ್ಯ. ಒಂದು ವದಂತಿ ಹತ್ತು ನಿಮಿಷದಲ್ಲಿ ಐದು ಮನೆಗಳ ನಿದ್ದೆ ಕೆಡಿಸುತ್ತದೆ.

ನಾವು ಹೆಚ್ಚಾಗಿ ಹಾಡುತ್ತೇವೆ. ಬ್ರಿಟನ್ನಿನ ಕ್ಯಾಟರಿಕ್ ಸೇನಾನೆಲೆಯಲ್ಲಿ 2010ರಲ್ಲಿ ಇಬ್ಬರು ಯೋಧಪತ್ನಿಯರು ತಮ್ಮವರು ಅಫ್ಘಾನಿಸ್ತಾನಕ್ಕೆ ಹೋಗಿದ್ದಾಗ ಒಂದು ಗಾಯನವೃಂದ ಆರಂಭಿಸಿದರು. ಅದು ಹಲವು ನೆಲೆಗಳಿಗೆ ಹಬ್ಬಿ ದೊಡ್ಡ ಜಾಲವಾಯಿತು. ಅವರಷ್ಟು ಅಭ್ಯಾಸ ನಮಗಿಲ್ಲ. ಆದರೆ ಒಟ್ಟಿಗೆ ಹಾಡುವಾಗ ಎಲ್ಲರೂ ಒಂದೇ ಕಡೆ ಉಸಿರು ತೆಗೆದುಕೊಳ್ಳಬೇಕಾಗುತ್ತದೆ, ಆ ಹೊತ್ತಿನಲ್ಲಿ ಬೇರೆ ಯೋಚನೆಗೆ ಜಾಗವಿರುವುದಿಲ್ಲ.

ಮನೆಗೆ ಬಂದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ನಾನೂ ನನ್ನ ಪತಿಯೂ ದೂರದಿಂದಲೇ ಚದುರಂಗ ಆಡುತ್ತೇವೆ, ವಾರಕ್ಕೆ ಒಂದು ನಡೆ. ಶನಿವಾರ ರಾತ್ರಿ ನನ್ನ ನಡೆಯನ್ನು ಮೆಸೇಜಿನಲ್ಲಿ ಕಳುಹಿಸಿ ಮಲಗುತ್ತೇನೆ. ಅವರು ಯಾವಾಗ ನೋಡುತ್ತಾರೋ ಆಗ ನೋಡಲಿ. ಎರಡನೇ ಮಹಾಯುದ್ಧದಲ್ಲಿ ನಡೆಗಳ ಗುರುತುಗಳಲ್ಲಿ ಗುಪ್ತ ಸಂಕೇತ ಅಡಗಿರಬಹುದೆಂಬ ಶಂಕೆಯಿಂದ ಅಮೆರಿಕದ ಪತ್ರಪರಿಶೀಲನಾ ಇಲಾಖೆ ಹೊರದೇಶಗಳೊಡನೆ ಅಂಚೆಯ ಮೂಲಕ ಚದುರಂಗ ಆಡುವುದನ್ನೇ ತಡೆದಿತ್ತು, ಆದ್ದರಿಂದ ನೀವು ಆರಂಭಿಸುವುದಾದರೆ ಅವರಿರುವ ಕಡೆ ಅನುಮತಿ ಇದೆಯೇ ಎಂದು ಮೊದಲು ಕೇಳಿಕೊಳ್ಳಿ. ನಮ್ಮ ಮಣೆ ಏಳು ತಿಂಗಳಿಂದ ಮೇಜಿನ ಮೇಲಿದೆ. ಮನೆ ಗುಡಿಸುವಾಗ ಅದನ್ನು ಮುಟ್ಟದೆ ಸುತ್ತಲೂ ಒರೆಸುತ್ತೇನೆ.

ಪ್ರಶ್ನೆ ಕೇಳಿದವರು, ಎರಡು ವಾರಗಳ ನಂತರ

ಹಿರಿಯರಾದ ನಿಮ್ಮೆಲ್ಲರಿಗೂ ಕೃತಜ್ಞತೆಗಳು. ಅಕ್ಕನವರು ಹೇಳಿದಂತೆ ಪತಿಯೊಡನೆ ಮಾತಾಡಿದೆ. ಶನಿವಾರ ಕರೆ ಮಾಡಬೇಕಾಗಿಲ್ಲ ಎಂದರೆ ಬೇಸರಿಸಿಕೊಳ್ಳಬಹುದೆಂದು ಹೆದರಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸಿಗ್ನಲ್ ಸಿಗುವ ದಿಬ್ಬದವರೆಗೆ ಶನಿವಾರ ರಾತ್ರಿ ನಡೆದು ಹೋಗಿ, ಸಾಲಿನಲ್ಲಿ ನಿಂತು, ಸರದಿ ಬರುವ ಮೊದಲೇ ಹಿಂತಿರುಗಿದ ದಿನಗಳು ಎಷ್ಟೋ ಇವೆ ಎಂದರು. ನನಗೆ ಇದು ಗೊತ್ತೇ ಇರಲಿಲ್ಲ. ಇಬ್ಬರೂ ಒಬ್ಬರಿಗಾಗಿ ಒಬ್ಬರು ಒಂದೇ ಸಂಜೆಯನ್ನು ಕಳೆದುಕೊಳ್ಳುತ್ತಿದ್ದೆವು.

ಮೊದಲ ಶನಿವಾರ ಫೋನನ್ನು ಚಪ್ಪಲಿಯ ಕಪಾಟಿನ ಮೇಲೆ ಇಟ್ಟು ನಾಲ್ಕು ಸಲ ಎದ್ದು ಹೋಗಿ ನೋಡಿದೆ. ಎರಡನೆಯ ಶನಿವಾರ ಒಂದು ಸಲ. ಪುಸ್ತಕದಲ್ಲಿ ಅರವತ್ತು ಪುಟ ಓದಿದೆ. ಸಿನಿಮಾ ನೋಡಿ ನಕ್ಕಾಗ ಹಳೆಯ ಚುಚ್ಚು ಮತ್ತೆ ಬಂತು. ‘ಎರಡೂ ನಿಜ’ ಎಂದು ಬಾಯಿಬಿಟ್ಟು ಹೇಳಿಕೊಂಡೆ, ಅದು ಪೂರ್ತಿ ಹೋಗಲಿಲ್ಲ, ಸಿನಿಮಾವನ್ನು ಮಾತ್ರ ಕೊನೆಯವರೆಗೆ ನೋಡಿದೆ.

ಇನ್ನು ಕೆಲವು ವಾರಗಳಲ್ಲಿ ಅವರು ರಜೆಗೆ ಬರುವವರಿದ್ದಾರೆ. ದಿನಾಂಕವನ್ನು ಬರೆಯುವುದಿಲ್ಲ. ಅವರು ಬಂದ ಮೇಲಿನ ಮೊದಲ ಶನಿವಾರದ ಸಂಜೆಯನ್ನು ಹೇಗೆ ಕಳೆಯಬೇಕು? ಬಂಧುಗಳನ್ನೆಲ್ಲ ಕರೆದು ಊಟ ಹಾಕಿಸೋಣವೆಂದು ಅತ್ತೆಯವರು ಹೇಳುತ್ತಿದ್ದಾರೆ.

ಉತ್ತರ 4: ವಾಯುಪಡೆಯಿಂದ ನಿವೃತ್ತರಾದವರ ಪತ್ನಿ

ಅತ್ತೆಯವರ ಆಸೆ ಸಹಜವಾದದ್ದು, ಅವರು ಹೆತ್ತ ತಾಯಿ. ಆ ಊಟವನ್ನು ಎರಡನೆಯ ವಾರಕ್ಕೆ ಇಟ್ಟುಕೊಳ್ಳೋಣ ಎಂದು ನಿಮ್ಮ ಪತಿಯ ಬಾಯಿಂದಲೇ ಹೇಳಿಸಿ, ನೀವು ಹೇಳಬೇಡಿ. ಮೊದಲ ಶನಿವಾರವನ್ನು ಖಾಲಿ ಬಿಡಿ.

ಏಕೆಂದರೆ ಮರಳಿ ಬರುವುದೂ ಅಗಲಿಕೆಯಷ್ಟೇ ಕಷ್ಟದ್ದು. ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದವರ ಕುಟುಂಬಗಳನ್ನು ಅಮೆರಿಕದ ಅಯೋವಾ ರಾಜ್ಯದಲ್ಲಿ ಅಧ್ಯಯನ ಮಾಡಿದ ರೂಬೆನ್ ಹಿಲ್ ಎಂಬ ಸಮಾಜಶಾಸ್ತ್ರಜ್ಞರು 1949ರಲ್ಲಿಯೇ ಇದನ್ನು ಬರೆದಿದ್ದರು. ಹೋದವರ ಜಾಗವನ್ನು ಪೂರ್ತಿಯಾಗಿ ಮುಚ್ಚಿಕೊಂಡು ಬದುಕನ್ನು ಜೋಡಿಸಿಕೊಂಡ ಮನೆಗಳು ಅಗಲಿಕೆಯನ್ನು ಸುಲಭವಾಗಿ ದಾಟಿದರೂ, ಅವರು ಬಂದಾಗ ಕೂರಿಸಲು ಜಾಗ ಸಿಗದೆ ತೊಳಲಾಡಿದವು ಎಂಬುದು ಅವರು ಕಂಡ ಒಂದು ಅಂಶ. ಈಗ ನಿಮಗೆಂದೇ ಒಂದು ಸಂಜೆ ರೂಪುಗೊಳ್ಳುತ್ತಿದೆ, ಅದು ಬಹಳ ಸಂತೋಷ. ಅವರು ಬಂದರೆಂದು ಅದನ್ನು ಎತ್ತಿ ಬದಿಗಿಡಬೇಡಿ, ಅವರನ್ನು ಅದರ ಹೊರಗೂ ಇಡಬೇಡಿ. ನೀವು ಓದುವ ಹೊತ್ತಿಗೆ ಓದಿ. ಅವರು ಪಕ್ಕದಲ್ಲಿ ಸುಮ್ಮನೆ ಕುಳಿತಿರಲಿ.

ನನ್ನ ಪತಿ ಒಂದು ದೀರ್ಘ ನಿಯೋಜನೆಯಿಂದ ಬಂದ ಮೊದಲ ಶನಿವಾರ ನಾನು ಮನೆಯಿಡೀ ದೀಪ ಹಚ್ಚಿ, ಹೊಸ ಬಟ್ಟೆ ಉಟ್ಟು, ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡು ಕಾದಿದ್ದೆ. ಅವರು ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೆ ಕುಳಿತರು. ಪಕ್ಕದ ಮನೆಯ ಕುಕ್ಕರು ಕೂಗಿದಾಗ ಕೈಯಲ್ಲಿದ್ದ ಲೋಟ ಅಲುಗಿತು. ನಾನು ಕೇಳಿದ್ದಕ್ಕೆಲ್ಲ ‘ಹೂಂ’ ಎಂದರು. ಎಂಟೂವರೆಗೆ ಕುಳಿತಲ್ಲಿಯೇ ನಿದ್ದೆ ಹೋದರು. ನನಗೆ ಆ ರಾತ್ರಿ ಆದ ಅವಮಾನವನ್ನು ಹೇಳಲಾರೆ. ಅವರಿಗೆ ನನ್ನ ಮೇಲೆ ಪ್ರೀತಿ ಉಳಿದಿಲ್ಲ ಎಂದೇ ತೀರ್ಮಾನಿಸಿಬಿಟ್ಟೆ. ತಿಂಗಳುಗಟ್ಟಲೆ ಅರೆನಿದ್ದೆಯಲ್ಲಿ ಇದ್ದ ಮನುಷ್ಯ ಮೊದಲ ಬಾರಿಗೆ ಕಾವಲಿಲ್ಲದೆ ನಿದ್ರಿಸಿದ್ದು ನನ್ನ ಪಕ್ಕದಲ್ಲಿ ಎಂಬುದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ.

ಹಾಗಾಗಿ ಅಂದು ಪ್ರಶ್ನೆ ಕೇಳಬೇಡಿ, ಅವರೇ ಹೇಳಿದರೆ ಕೇಳಿಸಿಕೊಳ್ಳಿ. ಟಿವಿಯ ಸದ್ದನ್ನು ತಗ್ಗಿಸಿಡಿ. ಕತ್ತಲಾಗುವ ಮೊದಲು ಇಬ್ಬರೂ ಒಂದಿಷ್ಟು ದೂರ ನಡೆದು ಬನ್ನಿ. ಎದುರುಬದುರು ಕುಳಿತಾಗ ಬಾರದ ಮಾತು ಪಕ್ಕಪಕ್ಕದಲ್ಲಿ ನಡೆಯುವಾಗ ಬರುತ್ತದೆ. ನಿದ್ದೆ, ಸಿಡುಕು, ಬೆಚ್ಚಿಬೀಳುವುದು ವಾರಗಳು ಕಳೆದರೂ ಇಳಿಯದಿದ್ದರೆ ಸೇನೆಯ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಲು ಸಂಕೋಚ ಬೇಡ, ನಾವು ತಡವಾಗಿ ಹೋದೆವು. ಮತ್ತೆ ನಿಮ್ಮ ಪುಸ್ತಕ ಇನ್ನೂ ಮುಗಿದಿಲ್ಲವಷ್ಟೇ? ಉಳಿದ ಪುಟಗಳನ್ನು ಆ ಸಂಜೆಗೆ ಇಟ್ಟುಕೊಳ್ಳಿ. ಅವರು ನಿದ್ದೆ ಹೋದರೆ ದೀಪವನ್ನು ನಿಮ್ಮ ಕಡೆಗೆ ತಿರುಗಿಸಿಕೊಂಡು ಓದಿ.